ಏಜೆಂಟ್ ಬರೆದ ಆ್ಯಪ್ ಪ್ಲೇ ಸ್ಟೋರ್ ತಲುಪುವವರೆಗೆ

ಪ್ರಶ್ನೆ: ದಾವಣಗೆರೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಮನೆಮನೆಗೆ ಹಾಕುವ ವ್ಯವಹಾರ ನಮ್ಮದು. ಜಾವಾಸ್ಕ್ರಿಪ್ಟ್ ಅಷ್ಟಿಷ್ಟು ಗೊತ್ತು. ಎಐ ಕೋಡಿಂಗ್ ಏಜೆಂಟ್ ಬಳಸಿ ಎಕ್ಸ್‌ಪೋ (ಜಾವಾಸ್ಕ್ರಿಪ್ಟಿನಲ್ಲಿ ಮೊಬೈಲ್ ಆ್ಯಪ್ ಕಟ್ಟುವ ಟೂಲ್), ಸುಪಾಬೇಸ್ (ಆ್ಯಪಿನ ಮಾಹಿತಿ ಇಡುವ ಆನ್‌ಲೈನ್ ಡೇಟಾಬೇಸ್) ಮೇಲೆ ಒಂದು ಆ್ಯಪ್ ಮಾಡಿಸಿದ್ದೇನೆ. ಯಾರ ಮನೆಗೆ ಎಷ್ಟು ಕ್ಯಾನ್ ಹೋಯಿತು, ಎಷ್ಟು ಖಾಲಿ ಕ್ಯಾನ್ ವಾಪಸ್ ಬಂತು, ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಫೋನಿನಲ್ಲಿ ಪರೀಕ್ಷಿಸಿ ನೋಡುವ ಎಕ್ಸ್‌ಪೋ ಗೋ ಆ್ಯಪಿನಲ್ಲಿ ಚೆನ್ನಾಗಿ ಓಡುತ್ತದೆ. ಎಪಿಕೆ (ಆಂಡ್ರಾಯ್ಡ್ ಫೋನಿಗೆ ನೇರವಾಗಿ ಹಾಕುವ ಆ್ಯಪ್ ಫೈಲ್) ಮಾಡಿ ಹುಡುಗರ ಫೋನಿಗೆ ಹಾಕಿದರೆ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಏಜೆಂಟ್‌ಗೆ ಹೇಳಿದರೆ ‘ಸರಿಪಡಿಸಿದ್ದೇನೆ’ ಅನ್ನುತ್ತದೆ, ಆದರೆ ಏನೂ ಬದಲಾಗಿರುವುದಿಲ್ಲ. ಬಿಲ್ಡ್‌ನಿಂದ ಹಿಡಿದು ಸ್ಟೋರ್‌ಗೆ ಹಾಕುವ ತನಕ ಎಲ್ಲವನ್ನೂ ಏಜೆಂಟೇ ಮಾಡುವಂಥ ಟೂಲ್ ಇದೆಯೇ? ಐಫೋನಿಗೂ ಬೇಕು.

ಉತ್ತರ: ಮೊದಲು ಮುಚ್ಚಿಕೊಳ್ಳುವ ಆ್ಯಪ್ ವಿಷಯ. ನಿಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಡಾಟ್ ಎನ್ವ್’ ಎಂಬ ಫೈಲ್ ಇರಬೇಕು, ಸುಪಾಬೇಸ್ ವಿಳಾಸ ಮತ್ತು ಕೀ ಅದರಲ್ಲಿರುತ್ತವೆ. ಕೀಗಳಿರುವ ಫೈಲ್ ಗಿಟ್‌ಗೆ (ಕೋಡಿನ ಆವೃತ್ತಿಗಳನ್ನು ಕಾಪಿಡುವ ಟೂಲ್) ಹೋಗಬಾರದೆಂದು ಏಜೆಂಟ್ ಅದನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಗೆ, ಸೇರಿಸಿರುತ್ತದೆ. ಅದು ಸರಿಯಾದ ಕೆಲಸವೇ. ಆದರೆ ಎಕ್ಸ್‌ಪೋದ ಕ್ಲೌಡ್ ಬಿಲ್ಡ್ ಸೇವೆಯಾದ ಇಎಎಸ್ ಕೂಡ ಗಿಟ್‌ಇಗ್ನೋರ್‌ನಲ್ಲಿರುವ ಫೈಲನ್ನು ಅಪ್‌ಲೋಡ್ ಮಾಡುವುದಿಲ್ಲ. ಎಕ್ಸ್‌ಪೋ ಗೋದಲ್ಲಿ ಓಡಿಸುವಾಗ ಕೋಡ್ ನಿಮ್ಮ ಲ್ಯಾಪ್‌ಟಾಪಿನಿಂದಲೇ ಹೋಗುತ್ತದೆ, ಅಲ್ಲಿ ಆ ಫೈಲ್ ಇದೆ. ಕ್ಲೌಡ್‌ನಲ್ಲಿ ಇಲ್ಲ. ಹಾಗಾಗಿ ಎಪಿಕೆ ಒಳಗೆ ಸುಪಾಬೇಸ್ ವಿಳಾಸದ ಜಾಗ ಖಾಲಿ ಉಳಿಯುತ್ತದೆ, ಮೊದಲ ಪರದೆ ಬರುವ ಮುನ್ನವೇ ಕ್ಲೈಂಟ್ ದೋಷ ಎಸೆದು ಆ್ಯಪ್ ಬೀಳುತ್ತದೆ.

ಊಹೆ ಬೇಡ, ಖಚಿತಪಡಿಸಿಕೊಳ್ಳಿ. ಫೋನಿನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಲ್ಯಾಪ್‌ಟಾಪಿಗೆ ಜೋಡಿಸಿ. ಎಡಿಬಿಯಲ್ಲಿ (ಲ್ಯಾಪ್‌ಟಾಪಿನಿಂದ ಆಂಡ್ರಾಯ್ಡ್ ಫೋನ್ ನಡೆಸುವ ಕಮಾಂಡ್ ಟೂಲ್) ಫೋನಿನ ಲಾಗ್ ತೋರಿಸುವ ಲಾಗ್‌ಕ್ಯಾಟ್ ಓಡಿಸುತ್ತಾ ಆ್ಯಪ್ ತೆರೆಯಿರಿ. ಬೀಳುವ ಕ್ಷಣದಲ್ಲಿ ‘ಸುಪಾಬೇಸ್ ಯುಆರ್‌ಎಲ್ ಈಸ್ ರಿಕ್ವೈರ್ಡ್’ ಎಂಬ ಸಾಲು ಕಂಡರೆ ಕಾರಣ ಇದೇ. ಪರಿಹಾರ: ಇಎಎಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ ವಿಭಾಗದಲ್ಲಿ ಆ ಎರಡು ಮೌಲ್ಯಗಳನ್ನು ಪ್ರಿವ್ಯೂ (ಪರೀಕ್ಷೆಗೆ) ಮತ್ತು ಪ್ರೊಡಕ್ಷನ್ (ಸ್ಟೋರ್‌ಗೆ) ಎರಡಕ್ಕೂ ಸೇರಿಸಿ, ‘ಇಎಎಸ್ ಡಾಟ್ ಜೇಸನ್’ ಫೈಲಿನ ಪ್ರತಿ ಪ್ರೊಫೈಲಿನಲ್ಲೂ ಯಾವ ಎನ್ವಿರಾನ್‌ಮೆಂಟ್ ಎಂದು ಬರೆದು, ಮತ್ತೆ ಬಿಲ್ಡ್ ಮಾಡಿ.

ಏಜೆಂಟ್ ‘ಸರಿಪಡಿಸಿದ್ದೇನೆ’ ಎಂದದ್ದು ಯಾಕೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಅದರ ಕಣ್ಣಿಗೆ ಬಿದ್ದದ್ದು ಕೋಡ್ ಮಾತ್ರ. ಕೋಡಿನಲ್ಲಿ ತಪ್ಪೇ ಇರಲಿಲ್ಲ. ಫೋನಿನಲ್ಲಿ ಏನಾಯಿತೆಂದು ನೋಡುವ ದಾರಿ ಅದಕ್ಕಿರಲಿಲ್ಲ, ಆದ್ದರಿಂದ ಎಲ್ಲೋ ಒಂದು ಟ್ರೈ-ಕ್ಯಾಚ್ (ದೋಷ ಬಂದರೆ ಹಿಡಿದುಕೊಳ್ಳುವ ಕೋಡ್) ಸೇರಿಸಿ ಕೈತೊಳೆದುಕೊಂಡಿತು.

ಇನ್ನು ಟೂಲ್. ನಿಮ್ಮಂಥವರಿಗೆ ನಾನು ಹೇಳುವುದು ಈಗ ಕೈಯಲ್ಲಿರುವ ಎಕ್ಸ್‌ಪೋ ಮತ್ತು ಇಎಎಸ್ ಜೋಡಿಯನ್ನೇ. ಬೇರೆ ಹುಡುಕಬೇಡಿ. ಕಾರಣ ಸರಳ: ಇಲ್ಲಿ ಹೆಚ್ಚುಕಡಿಮೆ ಎಲ್ಲ ಕೆಲಸವೂ ಟರ್ಮಿನಲ್ ಕಮಾಂಡ್‌ನಿಂದ ಆಗುತ್ತದೆ, ಸೆಟ್ಟಿಂಗ್‌ಗಳೆಲ್ಲ ಒಂದೆರಡು ಜೇಸನ್ ಫೈಲಿನಲ್ಲಿರುತ್ತವೆ, ವಿಂಡೋಸ್ ಲ್ಯಾಪ್‌ಟಾಪಿನಿಂದಲೇ ಐಫೋನ್ ಬಿಲ್ಡ್ ಮಾಡಿಸಬಹುದು, ಮ್ಯಾಕ್ ಬೇಕಿಲ್ಲ. ಮೌಸ್ ಹಿಡಿದು ಆಂಡ್ರಾಯ್ಡ್ ಸ್ಟುಡಿಯೋದ ಮೆನುಗಳಲ್ಲಿ ಓಡಾಡುವುದು ಏಜೆಂಟ್‌ಗೆ ಕಷ್ಟ, ಕಮಾಂಡ್ ಓಡಿಸಿ ಉತ್ತರ ಓದುವುದು ಸುಲಭ. ಏಜೆಂಟ್ ಆಗಿ ಕ್ಲಾಡ್ ಕೋಡ್, ಕೋಡೆಕ್ಸ್, ಕರ್ಸರ್ ಯಾವುದಾದರೂ ಆಗುತ್ತದೆ. ಇಎಎಸ್‌ನಲ್ಲಿ ಮೂರು ಭಾಗ: ಬಿಲ್ಡ್ ಆ್ಯಪ್ ಕಟ್ಟುತ್ತದೆ, ಸಬ್‌ಮಿಟ್ ಸ್ಟೋರ್‌ಗೆ ಕಳಿಸುತ್ತದೆ, ಅಪ್‌ಡೇಟ್ ಈಗಾಗಲೇ ಇನ್‌ಸ್ಟಾಲ್ ಆಗಿರುವ ಆ್ಯಪಿನ ಜಾವಾಸ್ಕ್ರಿಪ್ಟನ್ನು ಬದಲಿಸುತ್ತದೆ. ಉಚಿತ ಪ್ಲಾನಿನಲ್ಲಿ ತಿಂಗಳಿಗೆ ಇಷ್ಟೇ ಬಿಲ್ಡ್ ಎಂಬ ಮಿತಿಯಿದೆ, ಕ್ಯೂನಲ್ಲಿ ಕಾಯಬೇಕಾಗುತ್ತದೆ. ಒಬ್ಬರ ಆ್ಯಪಿಗೆ ಅದು ಸಾಕು. ಆದರೆ ಲಗಾಮಿಲ್ಲದ ಏಜೆಂಟ್ ಒಂದು ರಾತ್ರಿಯಲ್ಲಿ ಹತ್ತು ಬಿಲ್ಡ್ ಸುಟ್ಟುಹಾಕಬಲ್ಲದು.

ಹಾಗಾಗದಂತೆ ಪ್ರಾಜೆಕ್ಟಿನ ಬುಡದಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’ ಎಂಬ ಫೈಲ್ ಇಡಿ (ಕ್ಲಾಡ್ ಕೋಡ್ ಆದರೆ ‘ಕ್ಲಾಡ್ ಡಾಟ್ ಎಂಡಿ’). ಏಜೆಂಟ್ ಕೆಲಸ ಶುರುಮಾಡುವಾಗಲೆಲ್ಲ ಅದನ್ನು ಓದಿಕೊಳ್ಳುತ್ತದೆ. ಅದರಲ್ಲಿ ಹತ್ತು ಪುಟ ಬರೆಯಬೇಡಿ, ಹತ್ತು ಸಾಲು ಸಾಕು. ನಿಮ್ಮ ಆ್ಯಪಿಗೆ ಬರೆಯುವುದಾದರೆ ಹೀಗೆ (ಎಸ್‌ಡಿಕೆ ಎಂದರೆ ಎಕ್ಸ್‌ಪೋದ ಮೂಲ ಕಿಟ್, ಎಕ್ಸ್‌ಪೋ ಡಾಕ್ಟರ್ ಪ್ರಾಜೆಕ್ಟಿನ ದೋಷ ಹುಡುಕುವ ಕಮಾಂಡ್, ಎಮ್ಯುಲೇಟರ್ ಲ್ಯಾಪ್‌ಟಾಪಿನಲ್ಲಿ ಓಡುವ ನಕಲಿ ಫೋನ್): ‘ಎಕ್ಸ್‌ಪೋ ಎಸ್‌ಡಿಕೆ ಆವೃತ್ತಿ ಇಷ್ಟು, ಇದರ ದಾಖಲೆ ನೋಡದೆ ಲೈಬ್ರರಿ ಸೇರಿಸಬೇಡ. ಲೈಬ್ರರಿ ಹಾಕಲು ಎನ್‌ಪಿಎಂ ಇನ್‌ಸ್ಟಾಲ್ ಅಲ್ಲ, ಎಕ್ಸ್‌ಪೋ ಇನ್‌ಸ್ಟಾಲ್ ಬಳಸು. ಪ್ರತಿ ಬದಲಾವಣೆಯ ನಂತರ ಟೈಪ್‌ಸ್ಕ್ರಿಪ್ಟ್ ಚೆಕ್ ಮತ್ತು ಎಕ್ಸ್‌ಪೋ ಡಾಕ್ಟರ್ ಓಡಿಸು. ಎಮ್ಯುಲೇಟರಿನಲ್ಲಿ ಆ್ಯಪ್ ತೆರೆದು, ಸ್ಕ್ರೀನ್‌ಶಾಟ್ ನೋಡಿ, ಲಾಗ್‌ನಲ್ಲಿ ದೋಷ ಇಲ್ಲವೆಂದು ಕಂಡಮೇಲಷ್ಟೇ ಮುಗಿಯಿತು ಅನ್ನು. ಕ್ಲೌಡ್ ಬಿಲ್ಡ್, ಸಬ್‌ಮಿಟ್, ಅಪ್‌ಡೇಟ್ ಮೂರನ್ನೂ ನನ್ನನ್ನು ಕೇಳದೆ ಓಡಿಸಬೇಡ.’

ಎಕ್ಸ್‌ಪೋ ಇನ್‌ಸ್ಟಾಲ್ ಎಂದು ಒತ್ತಿ ಹೇಳಲು ಕಾರಣವಿದೆ. ಎನ್‌ಪಿಎಂ ಯಾವಾಗಲೂ ತೀರಾ ಹೊಸ ಆವೃತ್ತಿಯನ್ನು ಎಳೆದುಕೊಳ್ಳುತ್ತದೆ, ನಿಮ್ಮ ಎಸ್‌ಡಿಕೆಗೆ ಹೊಂದುವುದು ಅದಕ್ಕಿಂತ ಹಳೆಯದಾಗಿರಬಹುದು. ಎಕ್ಸ್‌ಪೋ ಇನ್‌ಸ್ಟಾಲ್ ಹೊಂದುವುದನ್ನೇ ಆರಿಸುತ್ತದೆ. ಇನ್ನು ಏಜೆಂಟಿನ ತಲೆಯಲ್ಲಿರುವ ವಿದ್ಯೆ ಹಳೆಯದು. ಬಾರ್‌ಕೋಡ್ ಓದಲು ಪ್ರತ್ಯೇಕ ಲೈಬ್ರರಿ ಹಾಕು ಎನ್ನುತ್ತದೆ, ಆ ಲೈಬ್ರರಿ ಎಸ್‌ಡಿಕೆಯಿಂದ ಹೋಗಿ ಕಾಲವಾಯಿತು, ಆ ಕೆಲಸ ಈಗ ಎಕ್ಸ್‌ಪೋ ಕ್ಯಾಮೆರಾದ್ದೇ. 2023ರ ಆರಂಭದಲ್ಲೇ ನಿಂತುಹೋದ ಹಳೆಯ ‘ಎಕ್ಸ್‌ಪೋ ಬಿಲ್ಡ್’ ಕಮಾಂಡನ್ನು ಕೂಡ ಆಗೀಗ ಹೇಳುತ್ತದೆ. ಇದಕ್ಕಾಗಿಯೇ ದಾಖಲೆ ನೋಡು ಎಂಬ ಸಾಲು ಬೇಕು. ಎಕ್ಸ್‌ಪೋದವರದೇ ಎಂಸಿಪಿ ಸರ್ವರ್ (ಏಜೆಂಟ್‌ಗೆ ಹೊರಗಿನ ಟೂಲ್, ಮಾಹಿತಿ ಒದಗಿಸುವ ಸೇತುವೆ) ಇದೆ, ಅದನ್ನು ಏಜೆಂಟ್‌ಗೆ ಜೋಡಿಸಿದರೆ ಇಂದಿನ ದಾಖಲೆಯನ್ನೇ ಹುಡುಕಿ ಓದುತ್ತದೆ.

ಎಂಸಿಪಿ ಇಲ್ಲದಿದ್ದರೂ ಏಜೆಂಟ್‌ಗೆ ಕಣ್ಣು ಕೊಡಲು ಎಡಿಬಿ ಸಾಕು. ಆಂಡ್ರಾಯ್ಡ್ ಎಮ್ಯುಲೇಟರ್ ತೆರೆದಿಟ್ಟರೆ, ಏಜೆಂಟೇ ಎಡಿಬಿಯಿಂದ ಸ್ಕ್ರೀನ್‌ಶಾಟ್ ತೆಗೆಯುತ್ತದೆ, ಲಾಗ್‌ಕ್ಯಾಟ್ ಓದುತ್ತದೆ, ಎಲ್ಲಿ ಒತ್ತಬೇಕೋ ಒತ್ತುತ್ತದೆ. ಇದಕ್ಕೆ ಮೇಸ್ಟ್ರೋ ಎಂಬ ಪರೀಕ್ಷಾ ಟೂಲ್ ಸೇರಿಸಿ. ಯಾಮಲ್ ಫೈಲಿನಲ್ಲಿ ‘ಆ್ಯಪ್ ತೆರೆ, ಈ ಗುಂಡಿ ಒತ್ತು, ಇದು ಕಾಣಬೇಕು’ ಎಂದು ಸಾಲುಸಾಲಾಗಿ ಬರೆಯುವುದಷ್ಟೇ. ನಿಮ್ಮ ಆ್ಯಪಿಗೆ ಒಂದು ಪರೀಕ್ಷೆ ಕಡ್ಡಾಯ: ಒಂದು ಮನೆಗೆ 3 ಕ್ಯಾನ್ ಹಾಕು, 2 ಖಾಲಿ ವಾಪಸ್ ತಗೋ, ಬಾಕಿ ಖಾಲಿ ಕ್ಯಾನ್ 1 ಎಂದು ಕಾಣಬೇಕು, ಆ್ಯಪ್ ಮುಚ್ಚಿ ತೆರೆದಮೇಲೂ 1 ಆಗಿಯೇ ಇರಬೇಕು. ಇಲ್ಲೊಂದು ಕಿರಿಕಿರಿ: ಎಡಿಬಿಯ ಟೆಕ್ಸ್ಟ್ ಕಮಾಂಡ್‌ಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ. ಪರೀಕ್ಷೆಯ ಗ್ರಾಹಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ, ಗುಂಡಿಗಳನ್ನು ಅವುಗಳ ಮೇಲಿನ ಕನ್ನಡ ಬರಹದಿಂದ ಹುಡುಕಿಸದೆ ಟೆಸ್ಟ್‌ಐಡಿ (ಕೋಡಿನಲ್ಲಿ ಇಡುವ ಗುರುತಿನ ಹೆಸರು) ಕೊಟ್ಟು ಗುರುತಿಸಿ.

ಕನ್ನಡದ ಮಾತು ಬಂದದ್ದಕ್ಕೆ ಇನ್ನೊಂದು. ಏಜೆಂಟ್ ಬರೆಯುವ ಸ್ಟೈಲಿನಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕಹಾಕಿದ್ದು. 16 ಗಾತ್ರದ ಅಕ್ಷರಕ್ಕೆ 18 ಅಥವಾ 20 ಎತ್ತರ ಕೊಟ್ಟಿರುತ್ತದೆ. ‘ಲೆಕ್ಕ’, ‘ಒಟ್ಟು’ ಎಂಬಲ್ಲಿ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. 26ರ ಸುತ್ತ ಇಟ್ಟರೆ ಕತ್ತರಿಸುವುದಿಲ್ಲ. ಸ್ಕ್ರೀನ್‌ಶಾಟ್ ನೋಡುವ ಏಜೆಂಟ್ ಕೂಡ ಇದನ್ನು ಗುರುತಿಸುವುದು ಅಪರೂಪ, ನೀವೇ ನೋಡಬೇಕು.

ಎಕ್ಸ್‌ಪೋ ಗೋದಲ್ಲಿ ಓಡಿದ್ದನ್ನು ಪುರಾವೆ ಎಂದುಕೊಳ್ಳಬೇಡಿ. ಅದು ಕಲಿಯುವವರಿಗಾಗಿ ಮೊದಲೇ ಕಟ್ಟಿಟ್ಟ ಡಬ್ಬಿ, ಅದರಲ್ಲಿಲ್ಲದ ನೇಟಿವ್ ಲೈಬ್ರರಿ (ಜಾವಾಸ್ಕ್ರಿಪ್ಟ್ ಅಲ್ಲದೆ ಫೋನಿನದೇ ಭಾಷೆಯ ಕೋಡ್ ಇರುವಂಥದ್ದು) ಅಲ್ಲಿ ಓಡದು. ಎಸ್‌ಡಿಕೆ 53ರಿಂದ ಆಂಡ್ರಾಯ್ಡಿನ ಎಕ್ಸ್‌ಪೋ ಗೋದಲ್ಲಿ ಪುಶ್ ನೋಟಿಫಿಕೇಶನ್ ಕೂಡ ಬರುವುದಿಲ್ಲ. ಡೆವಲಪ್‌ಮೆಂಟ್ ಬಿಲ್ಡ್ (ನಿಮ್ಮ ಲೈಬ್ರರಿಗಳನ್ನೇ ಸೇರಿಸಿ ಕಟ್ಟಿದ ಪರೀಕ್ಷಾ ಆ್ಯಪ್) ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ. ಕ್ಲೌಡ್‌ಗೆ ಕಳಿಸುವ ಮುನ್ನ ‘ಎಕ್ಸ್‌ಪೋ ರನ್ ಆಂಡ್ರಾಯ್ಡ್’ ಕಮಾಂಡನ್ನು ರಿಲೀಸ್ ವೇರಿಯಂಟ್‌ನಲ್ಲಿ ನಿಮ್ಮ ಯಂತ್ರದಲ್ಲೇ ಒಮ್ಮೆ ಓಡಿಸಿ, ಅರ್ಧಕ್ಕರ್ಧ ತಪ್ಪು ಅಲ್ಲೇ ಸಿಗುತ್ತದೆ. ಆದರೆ ಮೇಲೆ ಹೇಳಿದ ಡಾಟ್ ಎನ್ವ್ ದೋಷ ಅಲ್ಲಿ ಸಿಗದು, ಫೈಲ್ ನಿಮ್ಮ ಯಂತ್ರದಲ್ಲಿ ಇದ್ದೇ ಇದೆಯಲ್ಲ.

ಲ್ಯಾಪ್‌ಟಾಪಿನಲ್ಲಿ ಸರಿಯಿದ್ದು ಕ್ಲೌಡ್‌ನಲ್ಲಷ್ಟೇ ಕೈಕೊಡುವ ಇನ್ನೂ ಮೂರು ಕಾರಣ ಗೊತ್ತಿರಲಿ. ಫೈಲಿನ ಹೆಸರಲ್ಲಿ ದೊಡ್ಡಕ್ಷರ, ಕೋಡಿನಲ್ಲಿ ಸಣ್ಣಕ್ಷರ ಇದ್ದರೆ ವಿಂಡೋಸ್ ಸುಮ್ಮನಿರುತ್ತದೆ, ಆಂಡ್ರಾಯ್ಡ್ ಬಿಲ್ಡ್ ಮಾಡುವ ಲಿನಕ್ಸ್ ಯಂತ್ರ ‘ಮಾಡ್ಯೂಲ್ ಸಿಗಲಿಲ್ಲ’ ಎನ್ನುತ್ತದೆ. ಪ್ಯಾಕೇಜ್ ಡಾಟ್ ಜೇಸನ್ (ಲೈಬ್ರರಿಗಳ ಪಟ್ಟಿ) ಬದಲಾಗಿದ್ದು, ಲಾಕ್ ಫೈಲ್ (ಅವುಗಳ ನಿಖರ ಆವೃತ್ತಿಗಳ ಪಟ್ಟಿ) ಹಳೆಯದೇ ಉಳಿದರೆ ಇನ್‌ಸ್ಟಾಲ್ ಹಂತದಲ್ಲೇ ನಿಲ್ಲುತ್ತದೆ. ಮೂರನೆಯದು ಕಪಟಿ: ಏಜೆಂಟ್ ಪ್ರೀಬಿಲ್ಡ್ (ಸೆಟ್ಟಿಂಗ್ ಫೈಲಿನಿಂದ ನೇಟಿವ್ ಫೋಲ್ಡರ್ ಹುಟ್ಟಿಸುವ ಹಂತ) ಓಡಿಸಿ ‘ಆಂಡ್ರಾಯ್ಡ್’ ಫೋಲ್ಡರ್ ಹುಟ್ಟಿಸಿ ಗಿಟ್‌ಗೆ ಸೇರಿಸಿಬಿಟ್ಟರೆ, ಅಲ್ಲಿಂದಾಚೆ ಇಎಎಸ್ ಪ್ರೀಬಿಲ್ಡ್ ಮಾಡುವುದಿಲ್ಲ. ನೀವು ‘ಆ್ಯಪ್ ಡಾಟ್ ಜೇಸನ್’ನಲ್ಲಿ ಐಕಾನ್, ಅನುಮತಿ ಏನೇ ಬದಲಿಸಿದರೂ ಬಿಲ್ಡ್‌ನಲ್ಲಿ ಹಳೆಯದೇ ಬರುತ್ತದೆ. ಆಂಡ್ರಾಯ್ಡ್, ಐಒಎಸ್ ಎರಡೂ ಫೋಲ್ಡರುಗಳನ್ನು ಗಿಟ್‌ಇಗ್ನೋರ್‌ನಲ್ಲಿಡಿ.

ಈಗ ‘ಆ್ಯಪ್ ಡಾಟ್ ಜೇಸನ್’ ತೆರೆದು ಪ್ಯಾಕೇಜ್ ಹೆಸರು ನೋಡಿ. ‘ಕಾಮ್ ಡಾಟ್ ಅನಾನಿಮಸ್’ ಎಂದು ಶುರುವಾಗಿದ್ದರೆ ಅದು ಎಕ್ಸ್‌ಪೋ ತಾನಾಗಿ ಇಟ್ಟ ಹೆಸರು. ‘ಕಾಮ್ ಡಾಟ್ ಎಕ್ಸಾಂಪಲ್’ ಆದರೆ ಪ್ಲೇ ಸ್ಟೋರ್ ಒಪ್ಪುವುದೇ ಇಲ್ಲ. ಒಮ್ಮೆ ಸ್ಟೋರ್‌ಗೆ ಹೋದ ಪ್ಯಾಕೇಜ್ ಹೆಸರನ್ನು ಎಂದಿಗೂ ಬದಲಿಸಲಾಗದು, ಬದಲಿಸಬೇಕೆಂದರೆ ಹೊಸ ಆ್ಯಪ್ ಎಂದೇ ಹಾಕಬೇಕು. ಈಗಲೇ ಸರಿಮಾಡಿ. ವರ್ಶನ್ ಕೋಡ್ (ಆ್ಯಪಿನ ಆವೃತ್ತಿ ಸಂಖ್ಯೆ) ಪ್ರತಿ ಅಪ್‌ಲೋಡ್‌ಗೂ ಏರಲೇಬೇಕು. ಅದನ್ನು ಏಜೆಂಟ್ ಕೈಯಲ್ಲಿ ಎಣಿಸುವುದು ಬೇಡ, ಇಎಎಸ್‌ನಲ್ಲಿ ಆವೃತ್ತಿಯ ಮೂಲ ರಿಮೋಟ್, ಆಟೋಇಂಕ್ರಿಮೆಂಟ್ ಟ್ರೂ ಎಂದಿಟ್ಟರೆ ತಾನಾಗಿ ಏರುತ್ತದೆ.

ಹುಡುಗರ ಫೋನಿಗೆ ಹಾಕಲು ಎಪಿಕೆ, ಪ್ಲೇ ಸ್ಟೋರ್‌ಗೆ ಎಎಬಿ (ಆಂಡ್ರಾಯ್ಡ್ ಆ್ಯಪ್ ಬಂಡಲ್). 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಎಎಬಿಯೇ ಕಡ್ಡಾಯ. ಪ್ರಿವ್ಯೂ ಪ್ರೊಫೈಲಿನಲ್ಲಿ ಬಿಲ್ಡ್ ಟೈಪ್ ಎಪಿಕೆ ಎಂದು ಹಾಕಿ, ಪ್ರೊಡಕ್ಷನ್‌ನಲ್ಲಿ ಏನೂ ಹಾಕದಿದ್ದರೆ ಎಎಬಿ ಬರುತ್ತದೆ. ಮೊದಲ ಬಿಲ್ಡನ್ನು ನೀವೇ ಟರ್ಮಿನಲ್ ಮುಂದೆ ಕೂತು ಓಡಿಸಿ. ಆ್ಯಪಿಗೆ ಹಾಕುವ ಡಿಜಿಟಲ್ ಸಹಿಯ ಕೀ ಇರುವ ಕೀಸ್ಟೋರ್ ಹುಟ್ಟಿಸಲೇ ಎಂದು ಇಎಎಸ್ ಕೇಳುತ್ತದೆ, ನಾನ್-ಇಂಟರ‍್ಯಾಕ್ಟಿವ್ ಆಗಿ ಓಡಿಸುವ ಏಜೆಂಟ್‌ಗೆ ಆ ಪ್ರಶ್ನೆಗೆ ಉತ್ತರಿಸಲು ಬರುವುದಿಲ್ಲ, ಬಿಲ್ಡ್ ನಿಂತುಹೋಗುತ್ತದೆ. ಎರಡನೆಯದರಿಂದ ಏಜೆಂಟೇ ಓಡಿಸಬಹುದು. ಅದಕ್ಕೆ ನಿಮ್ಮ ಸ್ವಂತ ಲಾಗಿನ್ ಕೊಡದೆ, ಎಕ್ಸ್‌ಪೋ ಖಾತೆಯಲ್ಲಿ ರೋಬಾಟ್ ಬಳಕೆದಾರನನ್ನು ಮಾಡಿ ಅದರ ಟೋಕನ್ ಕೊಡಿ. ಎಡವಟ್ಟಾದರೆ ಆ ಟೋಕನ್ ಒಂದನ್ನೇ ರದ್ದುಮಾಡಿದರೆ ಆಯಿತು.

ಕೀಗಳ ವಿಷಯದಲ್ಲಿ ಏಜೆಂಟನ್ನು ಸ್ವಲ್ಪವೂ ನಂಬಬೇಡಿ. ‘ಎಕ್ಸ್‌ಪೋ ಪಬ್ಲಿಕ್’ ಎಂದು ಹೆಸರು ಶುರುವಾಗುವ ಪ್ರತಿ ಮೌಲ್ಯವೂ ಆ್ಯಪಿನ ಒಳಗೆ ಬರಿಗಣ್ಣಿಗೆ ಕಾಣುವಂತೆ ಕೂರುತ್ತದೆ. ಎಪಿಕೆಯನ್ನು ಜಿಪ್‌ನಂತೆ ಬಿಚ್ಚಿದವರಿಗೆ ಸಿಗುತ್ತದೆ. ಸುಪಾಬೇಸಿನ ಅನಾನ್ ಕೀ ಹಾಗಿದ್ದರೆ ಪರವಾಗಿಲ್ಲ, ಅದು ಹೊರಗಿರಲೆಂದೇ ಮಾಡಿದ್ದು, ಆದರೆ ಪ್ರತಿ ಟೇಬಲ್ಲಿನಲ್ಲೂ ರೋ ಲೆವೆಲ್ ಸೆಕ್ಯೂರಿಟಿ (ಯಾವ ಸಾಲನ್ನು ಯಾರು ನೋಡಬಹುದೆಂಬ ನಿಯಮ) ಆನ್ ಇರಬೇಕು. ಅದಿಲ್ಲದಿದ್ದರೆ ನಿಮ್ಮ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಬಾಕಿ ಎಲ್ಲವನ್ನೂ ಯಾರು ಬೇಕಾದರೂ ಎಳೆದುಕೊಳ್ಳಬಹುದು. ‘ಅನುಮತಿ ಇಲ್ಲ’ ಎಂಬ ದೋಷ ಬಂದಾಗ ಏಜೆಂಟ್ ಹಿಡಿಯುವ ಅಡ್ಡದಾರಿ ಎಂದರೆ ಸರ್ವಿಸ್ ರೋಲ್ ಕೀಯನ್ನು ಆ್ಯಪಿನಲ್ಲೇ ಹಾಕಿಬಿಡುವುದು. ಆ ಕೀಗೆ ಯಾವ ಬೀಗವೂ ಲೆಕ್ಕಕ್ಕಿಲ್ಲ. ಪೇಮೆಂಟ್ ಗೇಟ್‌ವೇಯ ಸೀಕ್ರೆಟ್ ಕೂಡ ಹಾಗೆಯೇ, ಅದು ಸರ್ವರಿನಲ್ಲಿ ಮಾತ್ರ ಇರಬೇಕು. ಇಂದೇ ಇಡೀ ಪ್ರಾಜೆಕ್ಟಿನಲ್ಲಿ ‘ಸರ್ವಿಸ್ ರೋಲ್’ ಎಂದು ಹುಡುಕಿ ನೋಡಿ. ಸಿಕ್ಕರೆ ಸಾಲು ಅಳಿಸಿದರೆ ಸಾಲದು, ಸುಪಾಬೇಸ್‌ನಲ್ಲಿ ಕೀಯನ್ನೇ ಬದಲಿಸಬೇಕು.

ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವ ಜಾಲತಾಣವಾದ ಪ್ಲೇ ಕನ್ಸೋಲ್‌ಗೆ ಬರೋಣ. ಇಲ್ಲಿ ಏಜೆಂಟಿಗಿಂತ ನಿಮ್ಮ ಕೆಲಸವೇ ಹೆಚ್ಚು. ಖಾತೆಗೆ ಒಮ್ಮೆ 25 ಡಾಲರ್, ಜೊತೆಗೆ ಗುರುತಿನ ಪರಿಶೀಲನೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಒಂದು ಷರತ್ತಿದೆ: ಕನಿಷ್ಠ 12 ಜನ ಕ್ಲೋಸ್ಡ್ ಟೆಸ್ಟಿಂಗ್‌ಗೆ (ಆಹ್ವಾನಿತರಿಗೆ ಮಾತ್ರ ತೆರೆದ ಪರೀಕ್ಷೆ) ಸೇರಿ, 14 ದಿನ ಬಿಡದೆ ಅದರಲ್ಲೇ ಇರಬೇಕು. ಆಮೇಲಷ್ಟೇ ಸಾರ್ವಜನಿಕ ಬಿಡುಗಡೆಗೆ ಅರ್ಜಿ. ಮೊದಲು ಇದು 20 ಜನ ಇತ್ತು, ಹಳೆಯ ಲೇಖನ ಓದಿದ ಏಜೆಂಟ್ ಈಗಲೂ 20 ಎನ್ನಬಹುದು. ಇಂಟರ್ನಲ್ ಟೆಸ್ಟಿಂಗ್‌ನ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹನ್ನೆರಡು ಗೆಳೆಯರ ಜಿಮೇಲ್ ಸೇರಿಸಿಬಿಟ್ಟರೆ ಆಗಲಿಲ್ಲ, ಒಬ್ಬೊಬ್ಬರೂ ಲಿಂಕ್ ಒತ್ತಿ ಒಪ್ಪಿಕೊಳ್ಳಬೇಕು. ನಡುವೆ ಒಬ್ಬರು ಬಿಟ್ಟುಹೋದರೂ ತೊಂದರೆಯಾಗದಂತೆ ಹದಿನೈದು ಹದಿನಾರು ಜನರನ್ನು ಇಟ್ಟುಕೊಳ್ಳುವುದು ಜಾಣತನ. ವ್ಯವಹಾರದ ಹೆಸರಲ್ಲಿ ಸಂಸ್ಥೆಯ ಖಾತೆ ತೆರೆದರೆ ಈ ಷರತ್ತಿಲ್ಲ, ಆದರೆ ಡನ್ಸ್ ನಂಬರ್ (ವ್ಯವಹಾರಕ್ಕೆ ಸಿಗುವ ಜಾಗತಿಕ ಗುರುತಿನ ಸಂಖ್ಯೆ) ಬೇಕು.

ಅಂದಹಾಗೆ, ಈ ಆ್ಯಪ್ ನಿಮಗೂ ನಿಮ್ಮ ಹುಡುಗರಿಗೂ ಮಾತ್ರವಾದರೆ ಸಾರ್ವಜನಿಕ ಬಿಡುಗಡೆಯ ಗೋಜೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಂಟರ್ನಲ್ ಟೆಸ್ಟಿಂಗ್‌ನಲ್ಲಿ 100 ಜನರವರೆಗೆ ಸೇರಿಸಬಹುದು, ಅವರಿಗೆ ಪ್ಲೇ ಸ್ಟೋರಿನಿಂದಲೇ ಆ್ಯಪೂ ಅದರ ಹೊಸ ಆವೃತ್ತಿಯೂ ಸಿಗುತ್ತವೆ. ಗ್ರಾಹಕರೇ ಕ್ಯಾನ್ ಆರ್ಡರ್ ಮಾಡಬೇಕೆಂದಿದ್ದರೆ ಮಾತ್ರ ಸಾರ್ವಜನಿಕ ಬಿಡುಗಡೆ ಬೇಕು.

ಮೊದಲ ಎಎಬಿಯನ್ನು ಕನ್ಸೋಲಿನಲ್ಲಿ ಕೈಯಿಂದಲೇ ಹಾಕಬೇಕು, ಅದಕ್ಕೆ ಮುನ್ನ ಸಬ್‌ಮಿಟ್ ಕಮಾಂಡ್ ಕೆಲಸ ಮಾಡದು. ಆಮೇಲೆ ಗೂಗಲ್ ಕ್ಲೌಡ್‌ನಲ್ಲಿ ಸರ್ವಿಸ್ ಅಕೌಂಟ್ (ಮನುಷ್ಯರ ಬದಲು ಪ್ರೋಗ್ರಾಂ ಬಳಸುವ ಖಾತೆ) ಮಾಡಿ, ಪ್ಲೇ ಡೆವಲಪರ್ ಎಪಿಐ ಆನ್ ಮಾಡಿ, ಆ ಅಕೌಂಟಿನ ಇಮೇಲ್ ವಿಳಾಸವನ್ನು ಪ್ಲೇ ಕನ್ಸೋಲಿನ ಬಳಕೆದಾರರ ಪಟ್ಟಿಗೆ ಆಹ್ವಾನಿಸಿ. ಕೊಡಬೇಕಾದ ಅನುಮತಿ ಈ ಒಂದು ಆ್ಯಪಿಗೆ, ಟೆಸ್ಟಿಂಗ್ ಟ್ರ್ಯಾಕಿಗೆ ಬಿಡುಗಡೆ ಮಾಡುವಷ್ಟು ಮಾತ್ರ. ಪ್ರೊಡಕ್ಷನ್ ಗುಂಡಿ ನಿಮ್ಮ ಕೈಯಲ್ಲಿರಲಿ. ಆ್ಯಪ್ ಇನ್ನೂ ಡ್ರಾಫ್ಟ್ ಸ್ಥಿತಿಯಲ್ಲಿದ್ದಾಗ ಸಬ್‌ಮಿಟ್ ಮಾಡಿದರೆ ‘ಡ್ರಾಫ್ಟ್ ಆ್ಯಪಿಗೆ ಡ್ರಾಫ್ಟ್ ರಿಲೀಸ್ ಮಾತ್ರ’ ಎಂಬರ್ಥದ ದೋಷ ಬರುತ್ತದೆ. ಇಎಎಸ್ ಡಾಟ್ ಜೇಸನ್‌ನಲ್ಲಿ ಟ್ರ್ಯಾಕ್ ಇಂಟರ್ನಲ್, ರಿಲೀಸ್ ಸ್ಟೇಟಸ್ ಡ್ರಾಫ್ಟ್ ಎಂದು ಹಾಕಿದರೆ ಹೋಗುತ್ತದೆ.

ಅನುಮತಿಗಳನ್ನು ಒಂದೊಂದಾಗಿ ನೋಡಿ. ಒಟಿಪಿ ತಾನಾಗಿ ತುಂಬಲಿ ಎಂದು ಏಜೆಂಟ್ ಎಸ್ಎಂಎಸ್ ಓದುವ ಅನುಮತಿ ಸೇರಿಸಿದ್ದರೆ ಆ್ಯಪ್ ತಿರಸ್ಕಾರವಾಗುವುದು ಹೆಚ್ಚುಕಡಿಮೆ ಖಚಿತ. ಆ ಕೆಲಸಕ್ಕೆ ಅನುಮತಿ ಬೇಡದ ಎಸ್ಎಂಎಸ್ ರಿಟ್ರೀವರ್ ಇದೆ. ಕ್ಯಾಮೆರಾ, ಇಮೇಜ್ ಪಿಕರ್ ಲೈಬ್ರರಿಗಳು ಕೇಳದೆಯೇ ಮೈಕ್ ಅನುಮತಿಯನ್ನೂ ತಂದುಬಿಡುತ್ತವೆ. ನೀರಿನ ಕ್ಯಾನ್ ಆ್ಯಪಿಗೆ ಮೈಕ್ ಯಾಕೆಂದು ಯಾರಾದರೂ ಕೇಳಿಯಾರು. ‘ಬ್ಲಾಕ್ಡ್ ಪರ್ಮಿಶನ್ಸ್’ ಪಟ್ಟಿಗೆ ಅದನ್ನು ಸೇರಿಸಿ. ಡೇಟಾ ಸೇಫ್ಟಿ ಫಾರ್ಮನ್ನು ಏಜೆಂಟ್ ಕರಡು ಮಾಡಲಿ, ಆದರೆ ಅದು ನಿಮ್ಮ ಹೆಸರಿನ ಘೋಷಣೆ. ವಿಳಾಸ, ಫೋನ್ ನಂಬರ್ ಸಂಗ್ರಹಿಸುತ್ತಿದ್ದು ‘ಏನೂ ಸಂಗ್ರಹಿಸುವುದಿಲ್ಲ’ ಎಂದು ಗುರುತು ಹಾಕಿದರೆ ಉತ್ತರ ಕೊಡಬೇಕಾದವರು ನೀವು. ಪ್ರೈವಸಿ ಪಾಲಿಸಿಯ ಲಿಂಕ್ ಬೇಕು. ಆ್ಯಪಿನಲ್ಲಿ ಖಾತೆ ತೆರೆಯಲು ಆಗುವುದಾದರೆ ಅಳಿಸಲೂ ಆಗಬೇಕು, ಆ್ಯಪಿನೊಳಗೂ ವೆಬ್ ಲಿಂಕಿನಿಂದಲೂ. ಲಾಗಿನ್ ಒಟಿಪಿಯಿಂದ ಮಾತ್ರವಾದರೆ ಪರಿಶೀಲಕರು ಒಳಗೆ ಬರಲಾರರು. ಒಂದು ಪರೀಕ್ಷಾ ನಂಬರಿಗೆ ಸ್ಥಿರ ಒಟಿಪಿ ಇಟ್ಟು ‘ಆ್ಯಪ್ ಆಕ್ಸೆಸ್’ ವಿಭಾಗದಲ್ಲಿ ಬರೆಯಿರಿ.

ಆ್ಯಪಿನ ಶೀರ್ಷಿಕೆಗೆ ಮಿತಿ 30 ಅಕ್ಷರ, ಚಿಕ್ಕ ವಿವರಣೆಗೆ 80. ಕನ್ನಡದಲ್ಲಿ ಇದು ಬೇಗ ತುಂಬುತ್ತದೆ. ‘ನೀರಿನ ಕ್ಯಾನ್ ಲೆಕ್ಕ’ ನಮ್ಮ ಕಣ್ಣಿಗೆ ಏಳು ಅಕ್ಷರ. ಗುಣಿತದ ಚಿಹ್ನೆ, ವಿರಾಮ, ಒತ್ತು, ಖಾಲಿ ಜಾಗ ಎಲ್ಲ ಸೇರಿ ಯುನಿಕೋಡ್ ಲೆಕ್ಕದಲ್ಲಿ 18.

ಗೂಗಲ್ ಸೈನ್-ಇನ್ ಅಥವಾ ಗೂಗಲ್ ಮ್ಯಾಪ್ ಇದ್ದರೆ ಇದೊಂದನ್ನು ಮರೆಯಬೇಡಿ: ಎಪಿಕೆಯಲ್ಲಿ ಸರಿಯಿದ್ದದ್ದು ಪ್ಲೇ ಸ್ಟೋರಿನಿಂದ ಇಳಿಸಿಕೊಂಡಾಗ ಕೆಡುತ್ತದೆ, ಲಾಗಿನ್ ಆಗುವುದಿಲ್ಲ, ಮ್ಯಾಪ್ ಖಾಲಿ. ನೀವು ಸಹಿ ಮಾಡಿದ ಆ್ಯಪಿಗೆ ಗೂಗಲ್ ತನ್ನ ಕೀಯಿಂದ ಮತ್ತೆ ಸಹಿ ಹಾಕಿ ಹಂಚುವುದೇ ಕಾರಣ. ಕನ್ಸೋಲಿನ ಆ್ಯಪ್ ಸೈನಿಂಗ್ ಪುಟದಲ್ಲಿರುವ ಎಸ್‌ಎಚ್‌ಎ-1 ಬೆರಳಚ್ಚನ್ನೂ (ಆ ಕೀಯನ್ನು ಗುರುತಿಸುವ ಸಂಖ್ಯೆ) ಗೂಗಲ್ ಕ್ಲೌಡ್‌ಗೆ ಸೇರಿಸಿ. ಕೋಡ್ ಎಷ್ಟು ಬದಲಿಸಿದರೂ ಇದು ಸರಿಹೋಗದು, ಏಜೆಂಟ್ ಮಾತ್ರ ಕೋಡನ್ನೇ ಬದಲಿಸುತ್ತಾ ಕೂರುತ್ತದೆ.

ಹಳೆಯ ಎಸ್‌ಡಿಕೆಯಲ್ಲಿ ಶುರುಮಾಡಿದ್ದರೆ ಮೊದಲು ಮೇಲೇರಿಸಿ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು ಆಂಡ್ರಾಯ್ಡ್ 15 ಅಂದರೆ ಎಪಿಐ 35 ಅನ್ನು ಗುರಿಯಾಗಿಡಬೇಕು. ಈ ಗುರಿ ವರ್ಷವರ್ಷ ಏರುತ್ತದೆ. ಅದೇ ವರ್ಷದ ನವೆಂಬರ್ 1ರಿಂದ 16 ಕೆಬಿ ಮೆಮೊರಿ ಪೇಜ್ ಬೆಂಬಲವೂ ಬೇಕಾಗಿದೆ. ಹಳೆಯ ನೇಟಿವ್ ಲೈಬ್ರರಿ ಒಂದಿದ್ದರೂ ಕನ್ಸೋಲ್ ತಕರಾರು ತೆಗೆಯುತ್ತದೆ.

ಐಫೋನಿಗೆ ಆ್ಯಪ್ ಹಾಕಲು ಆ್ಯಪಲ್ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್. ಸಬ್‌ಮಿಟ್‌ಗೆ ಆ್ಯಪ್ ಸ್ಟೋರ್ ಕನೆಕ್ಟ್‌ನ ಎಪಿಐ ಕೀ ಕೊಟ್ಟರೆ ಏಜೆಂಟ್ ಆ್ಯಪಲ್‌ನ ಪರೀಕ್ಷಾ ವೇದಿಕೆಯಾದ ಟೆಸ್ಟ್‌ಫ್ಲೈಟ್‌ವರೆಗೆ ಕಳಿಸಬಲ್ಲದು. ಅಲ್ಲಿ ಒಂದೊಂದು ಬಿಲ್ಡ್ 90 ದಿನಕ್ಕೆ ಮುಗಿಯುತ್ತದೆ. ನಿಮ್ಮ ಹುಡುಗರಲ್ಲಿ ಐಫೋನ್ ಎಷ್ಟು ಜನರ ಹತ್ತಿರ ಇದೆ ನೋಡಿ. ಆಂಡ್ರಾಯ್ಡ್ ಎರಡು ಮೂರು ತಿಂಗಳು ನೆಟ್ಟಗೆ ಓಡಿದಮೇಲೆ ಈ ಖರ್ಚು ಮಾಡಿ.

ಬಿಡುಗಡೆಯ ನಂತರದ ಗಂಡಾಂತರ ಇಎಎಸ್ ಅಪ್‌ಡೇಟ್‌ನಲ್ಲಿದೆ. ಸಣ್ಣ ತಿದ್ದುಪಡಿಯನ್ನು ಸ್ಟೋರ್ ಪರಿಶೀಲನೆಗೆ ಕಾಯದೆ ನಿಮಿಷಗಳಲ್ಲಿ ಎಲ್ಲರ ಫೋನಿಗೆ ಕಳಿಸಬಹುದು. ಆದರೆ ಹೋಗುವುದು ಜಾವಾಸ್ಕ್ರಿಪ್ಟ್ ಮತ್ತು ಚಿತ್ರಗಳು ಮಾತ್ರ. ಏಜೆಂಟ್ ಬ್ಲೂಟೂತ್ ಪ್ರಿಂಟರಿನ ನೇಟಿವ್ ಲೈಬ್ರರಿ ಸೇರಿಸಿ, ಬಿಲ್ಡ್ ಮಾಡದೆ ಅಪ್‌ಡೇಟ್ ಕಳಿಸಿತೆನ್ನಿ: ಹೊಸ ಕೋಡ್ ಫೋನಿನಲ್ಲಿಲ್ಲದ ಭಾಗವನ್ನು ಕರೆಯುತ್ತದೆ, ಬೆಳಗ್ಗೆ ಆರಕ್ಕೆ ಗಾಡಿ ಹೊರಡುವ ಹೊತ್ತಿಗೆ ಎಲ್ಲರ ಆ್ಯಪೂ ಬಿದ್ದಿರುತ್ತದೆ. ರನ್‌ಟೈಮ್ ವರ್ಶನ್ (ಯಾವ ಅಪ್‌ಡೇಟ್ ಯಾವ ಬಿಲ್ಡಿಗೆ ಹೊಂದುತ್ತದೆಂಬ ಗುರುತು) ನೀತಿಯನ್ನು ‘ಫಿಂಗರ್‌ಪ್ರಿಂಟ್’ ಎಂದಿಡಿ. ನೇಟಿವ್ ಭಾಗ ಬದಲಾದರೆ ಬೆರಳಚ್ಚೂ ಬದಲಾಗಿ, ಆ ಅಪ್‌ಡೇಟ್ ಹಳೆಯ ಬಿಲ್ಡ್‌ಗಳಿಗೆ ತಲುಪುವುದೇ ಇಲ್ಲ. ಮೊದಲು ಪ್ರಿವ್ಯೂ ಚಾನೆಲ್ಲಿಗೆ ಕಳಿಸಿ, ಒಬ್ಬ ಹುಡುಗ ಒಂದು ಸುತ್ತು ಡೆಲಿವರಿ ಮುಗಿಸಿದಮೇಲೆ ಉಳಿದವರಿಗೆ ಬಿಡಿ.